‘ಕನಿಷ್ಠ’ ಮತ್ತು ‘ವರೆಗೆ’: ಹಂಚಿಕೊಂಡ ತಂತಿಯ ಒಂದು ಚರಿತ್ರೆ

ಡೊಂಬಿವಲಿಯ ಮಿತ್ರರೊಬ್ಬರ ಹಜಾರದಲ್ಲಿ ಹದಿನೈದು ದಿನಗಳಿಗೊಮ್ಮೆ, ಶನಿವಾರ ರಾತ್ರಿ ಎಂಟೂವರೆಗೆ, ನಾವು ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಎದುರಿನ ದೊಡ್ಡ ಪರದೆಯಲ್ಲಿ ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಕಾಣಿಸಿಕೊಂಡು ಪಂಪಭಾರತವನ್ನು ಓದಿ ಅರ್ಥ ಹೇಳುತ್ತಾರೆ. 2020ರ ಲಾಕ್‌ಡೌನಿನಲ್ಲಿ ತೊಡಗಿದ ಈ ಪಾಠ ಹದಿನಾಲ್ಕು ಆಶ್ವಾಸಗಳಲ್ಲಿ ಹತ್ತನೆಯದಕ್ಕೆ ಬಂದು ನಿಂತಿದೆ. ಮಾಸ್ತರರಿಗೆ ಎಂಬತ್ತು ದಾಟಿದೆ. ‘ಇದನ್ನೊಂದು ಮುಗಿಸಿಬಿಡೋಣ’ ಎಂಬ ಮಾತು ಅವರ ಬಾಯಿಂದ ಈಚೆಗೆ ಹೆಚ್ಚಾಗಿ ಬರುತ್ತಿದೆ.

ಕಳೆದ ಮಳೆಗಾಲದಲ್ಲಿ ಆ ಮನೆಯವರು ಬ್ರಾಡ್‌ಬ್ಯಾಂಡ್ ಬದಲಿಸಿದರು. ಅದುವರೆಗೆ ಇದ್ದದ್ದು ಬಡಾವಣೆಯ ಕೇಬಲ್‌ವಾಲಾ ಕೊಟ್ಟಿದ್ದ 50 ಎಂಬಿಪಿಎಸ್ ಸಂಪರ್ಕ. ಹೊಸದು ದೊಡ್ಡ ಕಂಪನಿಯೊಂದರ 100 ಎಂಬಿಪಿಎಸ್ ಫೈಬರ್; ತಿಂಗಳ ಬಿಲ್ಲೂ ತುಸು ಕಡಿಮೆ. ವೇಗ ಇಮ್ಮಡಿಯಾಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಮುಂದಿನ ಶನಿವಾರವೇ ಮಾಸ್ತರರ ಮುಖ ಪರದೆಯ ಮೇಲೆ ಕಲ್ಲಾಯಿತು. ಕಂದಪದ್ಯದ ಎರಡನೆಯ ಸಾಲಿನ ನಡುವೆ ದನಿ ಕಡಿಯಿತು. ಮಾತ್ರೆಯ ಲೆಕ್ಕದ ಮೇಲೆ ನಡೆಯುವ ಪದ್ಯದಲ್ಲಿ ಅರ್ಧ ಸೆಕೆಂಡು ಕಳೆದುಹೋದರೂ ಓದು ಓದಾಗಿ ಉಳಿಯುವುದಿಲ್ಲ. ದನಿ ಮರಳಿ ಕೂಡಿಕೊಂಡಾಗ ಅವರು ನಕ್ಕು ಹೇಳಿದರು: “ಟ್ರಂಕ್ ಕಾಲಿನ ಕಾಲದಾಗ ಇದಕ್ಕಿಂತ ಚಲೋ ಕೇಳತಿತ್ತಲ್ರಪಾ!”

ಅದು ತಮಾಷೆಯ ಮಾತು. ಆದರೂ ಅದರೊಳಗೊಂದು ಚರಿತ್ರೆಯ ಪ್ರಶ್ನೆ ಇದೆಯೆಂದು ನಮಗೆ ತೋರಿತು. ದೂರದ ಊರಿಗೆ ದನಿಯನ್ನೋ ಅಕ್ಷರವನ್ನೋ ಮುಟ್ಟಿಸುವ ತಂತಿ ಎಂದೂ ಒಬ್ಬರ ಸೊತ್ತಾಗಿರಲಿಲ್ಲ. ಅದು ಯಾವಾಗಲೂ ಹಲವರು ಹಂಚಿಕೊಂಡ ದಾರಿ. ಹಂಚಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಕಾಲದಲ್ಲಿ ಆ ಹಂಚಿಕೆಯನ್ನು ಬಳಕೆದಾರನಿಗೆ ತೆರೆದು ಹೇಳುತ್ತಿದ್ದರು. ಇಂದು ಅದನ್ನು ಒಂದು ಸಣ್ಣ ಪದದ ಹಿಂದೆ ಮರೆಮಾಡಿದ್ದಾರೆ.

ಭಾರತದಲ್ಲಿ ತಂತಿ ಸಾರ್ವಜನಿಕರಿಗೆ ತೆರೆದದ್ದು 1850ರ ದಶಕದ ನಡುವೆ. ವಿಲಿಯಂ ಓಶಾಗ್ನೆಸಿಯ ಮೇಲ್ವಿಚಾರಣೆಯಲ್ಲಿ ಕಲ್ಕತ್ತೆಯಿಂದ ಆಗ್ರಾ, ಮುಂಬಯಿ, ಮದರಾಸುಗಳಿಗೆ ಎಳೆದ ಆ ಸಾಲುಗಳು ವಸಾಹತು ಆಡಳಿತದ ಅಗತ್ಯಕ್ಕಾಗಿ ಹುಟ್ಟಿದವು. 1870ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗು ಮುಂಬಯಿಗೂ ಏಡನ್ನಿಗೂ ನಡುವೆ ಸಮುದ್ರತಳದಲ್ಲಿ ಕೇಬಲ್ ಹಾಸಿದ ಮೇಲೆ ಈ ನಗರ ಲಂಡನ್ನಿನ ನೆರೆಯ ಊರಿನಂತಾಯಿತು. ಹಡಗಿನಲ್ಲಿ ವಾರಗಟ್ಟಲೆ ಸಾಗುತ್ತಿದ್ದ ಸುದ್ದಿ ಗಂಟೆಗಳಲ್ಲಿ ತಲುಪತೊಡಗಿತು. ತಂತಿಯ ಮೇಲೆ ಒಂದು ಸಂದೇಶ ಹೋಗುವಾಗ ಇನ್ನೊಂದು ಕಾಯಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಆದುದರಿಂದಲೇ ಪದಗಳನ್ನು ಎಣಿಸಿ ಹಣ ವಸೂಲು ಮಾಡುತ್ತಿದ್ದರು. ‘ತಾಯಿಗೆ ಗಂಭೀರ ಕೂಡಲೆ ಹೊರಡು’ ಎಂಬ ಧಾಟಿಯ ಬಿಗಿಯಾದ ವಾಕ್ಯ ಹುಟ್ಟಿದ್ದು ಬಡತನದಿಂದಷ್ಟೇ ಅಲ್ಲ, ಹಂಚಿಕೊಂಡ ತಂತಿಯ ಶಿಸ್ತಿನಿಂದ ಕೂಡ. ಆ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು.

ದೂರವಾಣಿಯೂ ಇದೇ ನೀತಿಯನ್ನು ಅನುಸರಿಸಿತು. 1882ರ ಜನವರಿಯಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಮೊದಲ ವಿನಿಮಯ ಕೇಂದ್ರಗಳು ತೆರೆದವು. 1956ರ ತನಕ ಧಾರವಾಡ ಮುಂಬಯಿ ಪ್ರಾಂತದ ಭಾಗವೇ ಆಗಿತ್ತು. ಕಚೇರಿಯ ಕಾಗದಗಳೂ ನೌಕರಿ ಹುಡುಕುವ ಹುಡುಗರೂ ಅದೇ ದಾರಿಯಲ್ಲಿ ಇತ್ತ ಬರುತ್ತಿದ್ದರು. ಊರಿಗೆ ಮಾತನಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅದರಲ್ಲಿ ಮೂರು ದರ್ಜೆಗಳು. ಮೂರು ಮೂರು ನಿಮಿಷದ ಲೆಕ್ಕ. ಹೆಚ್ಚು ಕೊಟ್ಟವನ ಕರೆ ಮೊದಲು, ಕಡಿಮೆ ಕೊಟ್ಟವನದು ಸರದಿ ಬಂದಾಗ. ನ್ಯಾಯವೆನ್ನಿ, ಅನ್ಯಾಯವೆನ್ನಿ, ಸರದಿಯಿದೆ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. 1960ರಲ್ಲಿ ಲಖನೌ ಮತ್ತು ಕಾನಪುರಗಳ ನಡುವೆ ಎಸ್‌ಟಿಡಿ ಮೊದಲಾಗಿ, 80ರ ದಶಕದ ಕೊನೆಗೆ ಬೀದಿಬೀದಿಯಲ್ಲಿ ಹಳದಿ ಫಲಕದ ಬೂತುಗಳು ಎದ್ದಾಗಲೂ ಈ ಪ್ರಾಮಾಣಿಕತೆ ಉಳಿದಿತ್ತು. ರಾತ್ರಿ ತಡವಾದ ಮೇಲೆ ದರ ಕಾಲುಭಾಗಕ್ಕೆ ಇಳಿಯುತ್ತಿತ್ತು. ‘ಹಗಲು ದಾರಿಯಲ್ಲಿ ದಟ್ಟಣೆಯಿದೆ, ರಾತ್ರಿ ಬಂದರೆ ಅಗ್ಗವಾಗಿ ಹೋಗಬಹುದು’ ಎಂದು ದರಪಟ್ಟಿಯೇ ಹೇಳುತ್ತಿತ್ತು. ಮುಂಬಯಿಯ ಕನ್ನಡಿಗರು ಊಟ ಮುಗಿಸಿ, ಬೂತಿನ ಮುಂದೆ ಸಾಲು ನಿಂತು, ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಲೇ ಊರಿನ ಕ್ಷೇಮ ವಿಚಾರಿಸಿದ್ದು ಆ ಪಟ್ಟಿಗೆ ತಕ್ಕಂತೆಯೇ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. 9.6 ಕೆಬಿಪಿಎಸ್ ವೇಗ. ಚಿತ್ರಗಳನ್ನು ನೋಡಬಲ್ಲ ಖಾತೆಗೆ 250 ಗಂಟೆಗಳಿಗೆ 15,000 ರೂಪಾಯಿ. ಬೇಡಿಕೆಗೆ ತಕ್ಕಷ್ಟು ಮೋಡೆಮ್‌ಗಳಿರಲಿಲ್ಲ. ಕರೆ ಸೇರದಿದ್ದಾಗ ಎಂಗೇಜ್ಡ್ ಸದ್ದು ಕೇಳುತ್ತಿತ್ತು. ಆ ಸದ್ದು ಕಿರಿಕಿರಿಯದಾದರೂ ಸತ್ಯವನ್ನೇ ಹೇಳುತ್ತಿತ್ತು: ನಿಮಗಿಂತ ಮುಂದೆ ಬೇರೆಯವರಿದ್ದಾರೆ. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು.

ಇಷ್ಟರಲ್ಲಿ ನಗರದ ಗಚ್ಚುಗಳ ಮೇಲೆ ಇನ್ನೊಂದು ಜಾಲ ಹಬ್ಬಿತ್ತು. 1991ರ ಕೊಲ್ಲಿ ಯುದ್ಧವನ್ನು ಮನೆಯಲ್ಲೇ ನೋಡುವ ಹುರುಪಿನಲ್ಲಿ ಬೆಳೆದ ಕೇಬಲ್ ಟಿವಿ, ಕಾನೂನು ಬರುವ ಮುಂಚೆಯೇ ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಸೆದಿತ್ತು. 1995ರ ಕಾಯಿದೆ ಆ ವ್ಯವಹಾರವನ್ನು ನೋಂದಣಿಯ ಚೌಕಟ್ಟಿಗೆ ತಂದಿತು. ಮುಂದಿನ ದಶಕದಲ್ಲಿ ಅದೇ ಕೇಬಲ್‌ವಾಲಾಗಳು ಅದೇ ಗಚ್ಚುಗಳ ಮೇಲಿಂದ ಅಂತರ್ಜಾಲದ ತಂತಿಯನ್ನೂ ಇಳಿಬಿಟ್ಟರು. ಮಳೆಗೆ ಅದು ಕಡಿಯುತ್ತಿತ್ತು, ಗಾಳಿಪಟದ ಮಾಂಜಾಕ್ಕೂ ಕಡಿಯುತ್ತಿತ್ತು. ಆದರೆ ಕೇಬಲ್‌ವಾಲಾನ ಹುಡುಗ ಸಂಜೆಯೊಳಗೆ ಏಣಿ ಹಿಡಿದು ಬರುತ್ತಿದ್ದ. ‘ಈ ಬಿಲ್ಡಿಂಗಿನಲ್ಲಿ ನಲವತ್ತು ಮನೆ ಆಗಿವೆ ಸಾಹೇಬ, ಅದಕ್ಕೇ ಸ್ಲೋ, ಮುಂದಿನ ವಾರ ಸ್ವಿಚ್ ಬದಲಿಸುತ್ತೇವೆ’ ಎಂದು ಅವನು ಹೇಳುವಾಗ, ಹಂಚಿಕೊಂಡವರ ಸಂಖ್ಯೆ ನಮಗೆ ಗೊತ್ತಾಗುತ್ತಿತ್ತು.

ಸರ್ಕಾರ ತನ್ನ ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿದ್ದು 2004ರ ಅಕ್ಟೋಬರಿನಲ್ಲಿ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 256 ಕೆಬಿಪಿಎಸ್ ಇರಬೇಕೆಂದು ಅದು ಹೇಳಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ನೀತಿಯ ಪದ ‘ಕನಿಷ್ಠ’. ಇನ್ನೊಂದು, ಆ ಕನಿಷ್ಠವನ್ನು ಅಳೆಯುವುದು ಕಂಪನಿಯ ಸ್ಥಳೀಯ ಕೇಂದ್ರದಿಂದ ಗ್ರಾಹಕನ ಮನೆಯವರೆಗೆ ಮಾತ್ರ. ಆ ಕೇಂದ್ರದಿಂದ ಆಚೆಗಿನ ದಾರಿ, ಎಂದರೆ ಧಾರವಾಡದ ದಾರಿ, ವ್ಯಾಖ್ಯೆಯ ಹೊರಗೇ ಉಳಿಯಿತು. ಆ ಕನಿಷ್ಠ 2013ರಲ್ಲಿ 512 ಕೆಬಿಪಿಎಸ್‌ಗೂ 2023ರಲ್ಲಿ 2 ಎಂಬಿಪಿಎಸ್‌ಗೂ ಏರಿತು. ಅದೇ ಹೊತ್ತಿಗೆ ಜಾಹೀರಾತುಗಳು 100ರವರೆಗೆ, 300ರವರೆಗೆ, ಒಂದು ಗಿಗಾದವರೆಗೆ ಎಂದು ಸಾರತೊಡಗಿದ್ದವು. ಕಾನೂನಿನ ‘ಕನಿಷ್ಠ’ ನೆಲ, ಮಾರುಕಟ್ಟೆಯ ‘ವರೆಗೆ’ ಛಾವಣಿ. ಇವೆರಡರ ನಡುವಿನ ಬಯಲಲ್ಲಿ ಗ್ರಾಹಕ ಎಲ್ಲಿ ನಿಂತಿದ್ದಾನೆಂಬುದನ್ನು ಬಿಲ್ಲಿನಲ್ಲಿ ಯಾರೂ ಬರೆಯುವುದಿಲ್ಲ.

ಫೈಬರ್ ಎಂಬ ಹೆಸರಿಗೇ ಒಂದು ಮೋಹವಿದೆ, ಮತ್ತು ಅದು ನಿರಾಧಾರವೇನಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಬಾಗಿದ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಶುದ್ಧವಾದ ಗಾಜು ಸಿಕ್ಕರೆ ಬೆಳಕಿನ ಮೂಲಕ ದೂರಸಂಪರ್ಕ ಸಾಧ್ಯವೆಂದು 1966ರಲ್ಲಿ ವಾದಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂದಿತು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ಧಾರವಾಡ 600 ಕಿಲೋಮೀಟರಿನೊಳಗಿನ ದಾರಿ. ಬೆಳಕಿಗೆ ಅದು ಒಂದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿನಷ್ಟು ಹೊತ್ತಿನ ಕೆಲಸ. ಆದುದರಿಂದ ತಡವಾದದ್ದು ಬೆಳಕಿಗಲ್ಲ.

ಮನೆಗಳಿಗೆ ಫೈಬರ್ ಕೊಡುವ ಬಹುಬಳಕೆಯ ಪದ್ಧತಿಗೆ ಜಿಪಾನ್ ಎಂದು ಹೆಸರು. ಕಂಪನಿಯ ಕೇಂದ್ರದಿಂದ ಹೊರಟ ಒಂದೇ ಎಳೆಯನ್ನು ವಿದ್ಯುತ್ತಿನ ಹಂಗಿಲ್ಲದ ಪುಟ್ಟ ಸ್ಪ್ಲಿಟರ್ 32 ಇಲ್ಲವೇ 64 ಮನೆಗಳಿಗೆ ಸೀಳಿ ಕೊಡುತ್ತದೆ. ಆ ಎಳೆಯ ಒಟ್ಟು ಸಾಮರ್ಥ್ಯ ಮನೆಯ ಕಡೆಗೆ ಸುಮಾರು 2,488 ಎಂಬಿಪಿಎಸ್; ಮನೆಯಿಂದ ಹೊರಕ್ಕೆ ಅದರ ಅರ್ಧ. ಅರವತ್ತನಾಲ್ಕು ಮನೆಗಳೂ ಒಮ್ಮೆಗೇ ನಲ್ಲಿ ತಿರುಗಿಸಿದರೆ ತಲೆಗೆ ಬರುವುದು 39ರ ಆಸುಪಾಸು. ಎಲ್ಲರೂ ಒಮ್ಮೆಗೇ ತಿರುಗಿಸುವುದಿಲ್ಲವೆಂಬ ನಂಬಿಕೆಯ ಮೇಲೆಯೇ 100ರ ಮಾತು ನಿಂತಿದೆ. ಕೇಂದ್ರದಿಂದ ಆಚೆಗೂ ಇದೇ ಲೆಕ್ಕ: ಒಂದು ಕಂಪನಿಯ ಜಾಲ ಇನ್ನೊಂದನ್ನು ಎಲ್ಲಿ, ಎಷ್ಟು ಅಗಲವಾಗಿ ಕೂಡುತ್ತದೆ ಎಂಬುದರ ಮೇಲೆ ಅನುಭವ ನಿಂತಿರುತ್ತದೆ. ಎರಡು ಭಾರತೀಯ ಕಂಪನಿಗಳ ಗ್ರಾಹಕರ ನಡುವಿನ ಮಾತು ಹೊರದೇಶ ಸುತ್ತಿ ಬರುವುದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಸಂಸ್ಥೆ ಹುಟ್ಟಿತು.

ಬದಲಾವಣೆ ಎಂಬ ಪದವೂ ನಮ್ಮನ್ನು ದಾರಿ ತಪ್ಪಿಸಿತೆನ್ನಬೇಕು. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸಬಹುದಾಯಿತು. ಮುಂಬಯಿಯ ಉಪನಗರಗಳಲ್ಲಿ 2009ರಿಂದ ಅದೇ ತಂತಿಯ ಮೇಲೆ ಬೇರೆ ಕಂಪನಿಯ ವಿದ್ಯುತ್ ಪಡೆಯುವ ಅವಕಾಶ ಬಂದಿತು. ತಂತಿ ಅದೇ, ದೀಪದ ಬೆಳಕೂ ಅದೇ, ಬಿಲ್ಲು ಮಾತ್ರ ಬೇರೆ. ಬ್ರಾಡ್‌ಬ್ಯಾಂಡಿನಲ್ಲಿ ಹಾಗಲ್ಲ. ಇಲ್ಲಿ ಎಳೆ ಬೇರೆ, ಸ್ಪ್ಲಿಟರ್ ಬೇರೆ, ಪಾಲುದಾರರು ಬೇರೆ, ಮನೆಯೊಳಗೆ ಪೆಟ್ಟಿಗೆ ಕೂರುವ ಜಾಗವೂ ಬೇರೆ. ನಾವು ಬದಲಿಸಿದ್ದು ಅಂಗಡಿಯನ್ನಲ್ಲ, ದಾರಿಯನ್ನೇ.

ಇದನ್ನು ಅರಿಯಲು ನಮಗೆ ಮೂರು ಶನಿವಾರಗಳು ಬೇಕಾದವು. ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ಅಳೆದಾಗ ಬೆಳಗ್ಗೆ ಆರಕ್ಕೆ 95 ಬಂದಿತು. ರಾತ್ರಿ ಒಂಬತ್ತಕ್ಕೆ 40. ಅದೇ ರಾತ್ರಿ ಹಜಾರದಲ್ಲಿ, ವೈಫೈ ಮೇಲೆ, ಐದಾರು. ಹಳೆಯ ತಂತಿ ಗಚ್ಚಿನಿಂದ ಹಜಾರದ ಕಿಟಕಿಗೇ ಇಳಿದಿತ್ತು. ಹೊಸ ಎಳೆ ಹಿಂಬದಿಯ ಮಲಗುವ ಕೋಣೆಯಿಂದ ಬಂದುದರಿಂದ ಪೆಟ್ಟಿಗೆಯನ್ನು ಅಲ್ಲೇ ಕಪಾಟಿನ ಮೇಲೆ ಕೂರಿಸಿ ಹೋಗಿದ್ದರು. ನಡುವೆ ಎರಡು ಕಾಂಕ್ರೀಟ್ ಗೋಡೆಗಳು. ಸುತ್ತ ಇಡೀ ಕಟ್ಟಡದ ವೈಫೈಗಳು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಅವನ್ನು ಹತ್ತಾರು ಮನೆಗಳು ಹಂಚಿಕೊಂಡಿದ್ದವು. ಎಂದರೆ ಗಾಳಿಯಲ್ಲೂ ಒಂದು ಸರದಿಯಿತ್ತು. ದೂರು ಕೇಂದ್ರದವರಂತೂ ಪ್ರತಿ ಸಲವೂ ಬೆಳಗಿನ ಹೊತ್ತು ತಮ್ಮದೇ ಕೇಂದ್ರದವರೆಗೆ ಅಳೆದು, ‘ವೇಗ ಸರಿಯಾಗಿದೆ’ ಎಂದು ದೂರನ್ನು ಮುಚ್ಚುತ್ತಿದ್ದರು. ಅವರು ಸುಳ್ಳು ಹೇಳಲಿಲ್ಲ. ‘ವರೆಗೆ’ ಎಂಬ ಪದಕ್ಕೆ ನಿಷ್ಠರಾಗಿದ್ದರು, ಅಷ್ಟೇ.

ಈಗ ಹತ್ತು ಮೀಟರ್ ಲ್ಯಾನ್ ತಂತಿಯನ್ನು ಗೋಡೆಯಂಚಿನಲ್ಲಿ ಎಳೆದು ಹಜಾರಕ್ಕೆ ತಂದಿದ್ದೇವೆ. ವಿಡಿಯೊ ಪಾಠಕ್ಕೆ ಬೇಕಾದದ್ದು ನಾಲ್ಕೈದು ಎಂಬಿಪಿಎಸ್, ಆದರೆ ತಡೆಯಿಲ್ಲದೆ ಬರುವ ನಾಲ್ಕೈದು. ರಾತ್ರಿಯ 40 ಅದಕ್ಕೆ ಧಾರಾಳ ಸಾಕು. ಆದರೂ ಮಾಸ್ತರರ ಸಲಹೆಯಂತೆ ಪಾಠವನ್ನು ಭಾನುವಾರ ಬೆಳಗಿನ ಏಳಕ್ಕೆ ಬದಲಿಸಿಕೊಂಡೆವು. ಬೂತಿನ ಮುಂದೆ ಕಾಲುದರಕ್ಕಾಗಿ ಕಾದು ನಿಂತಿದ್ದ ಹಿರಿಯರೊಬ್ಬರು ‘ಮತ್ತೆ ಅಲ್ಲಿಗೇ ಬಂದೆವಲ್ಲ’ ಎಂದರು. ವ್ಯತ್ಯಾಸವಿಷ್ಟೇ: ಆಗ ದಟ್ಟಣೆಯ ಹೊತ್ತು ಯಾವುದೆಂದು ಇಲಾಖೆಯೇ ಹೇಳಿ ದರ ಇಳಿಸುತ್ತಿತ್ತು, ಈಗ ಅದನ್ನು ನಾವೇ ಅಳೆದು ಕಂಡುಕೊಂಡು, ಪೂರ್ತಿ ದರವನ್ನೇ ಕೊಡುತ್ತೇವೆ.

ಮುಂಬಯಿಯಲ್ಲಾಗಲಿ ಪುಣೆ, ಹೈದರಾಬಾದು, ದೆಹಲಿಗಳಲ್ಲಾಗಲಿ ಸಂಪರ್ಕ ಬದಲಿಸಲು ಹೊರಟ ಮಿತ್ರರಿಗೆ ನಮ್ಮದೊಂದು ಮಾತು. ‘ಎಷ್ಟರವರೆಗೆ?’ ಎಂಬುದನ್ನು ಅವರೇ ಹೇಳುತ್ತಾರೆ. ನೀವು ಕೇಳಬೇಕಾದವು ಬೇರೆ: ರಾತ್ರಿ ಒಂಬತ್ತಕ್ಕೆ ಕನಿಷ್ಠ ಎಷ್ಟು? ಈ ಎಳೆಯಲ್ಲಿ ನಮ್ಮೊಡನೆ ಎಷ್ಟು ಮನೆಗಳಿವೆ? ಪೆಟ್ಟಿಗೆಯನ್ನು ಯಾವ ಕೋಣೆಯಲ್ಲಿ ಕೂರಿಸುತ್ತೀರಿ? ಉತ್ತರ ಸಿಗುವ ತನಕ, ಆಗುವುದಾದರೆ ಒಂದು ತಿಂಗಳ ಮಟ್ಟಿಗಾದರೂ ಹಳೆಯ ತಂತಿಯನ್ನು ಕಡಿಯಿಸಬೇಡಿ. ನಾವು ಕಡಿಯಿಸಿದ್ದೆವು. ಹತ್ತನೆಯ ಆಶ್ವಾಸದ ಮೂರು ವಾಚನಗಳು ಹಾಗೆ ಕಳೆದುಹೋದವು. ಅವನ್ನು ಮಾಸ್ತರರು ಮತ್ತೊಮ್ಮೆ, ಮೊದಲಿನಿಂದ, ಓದುತ್ತಿದ್ದಾರೆ.