ಡಾಂಬರು ರಸ್ತೆಗೆ ಅಳತೆ ಬಂದದ್ದು ಹೇಗೆ, ನಾವು ಕೇಳಬೇಕಾದ್ದು ಏನು

ಈ ಸಲ ಬೆಳೆ ವಿಷಯ ಅಲ್ಲ, ರಸ್ತೆ ವಿಷಯ. ಬರಹ ಸ್ವಲ್ಪ ಉದ್ದ ಇದೆ. ರಾಗಿ ಒಕ್ಕಣೆ ಮುಗಿದಿರೋರು ಪುರುಸೊತ್ತು ಮಾಡ್ಕೊಂಡು ಓದಿ.

ಸಂಕ್ರಾಂತಿ ಆದ್ಮೇಲೆ ನಮ್ಮ ಗೇಟಿಂದ ಊರೊಳಗಿನ ತನಕ 2 ಕಿಲೋಮೀಟರ್ ಮತ್ತೆ ಡಾಂಬರು ಹಾಕ್ತಾರಂತೆ. ಹಿಂದಿನ ಸಲ ಹಾಕಿದ್ದು ಎರಡನೇ ಮಳೆಗಾಲಕ್ಕೇ ಹೋಳಿಗೆ ಮಗುಚಿದಂಗೆ ಎದ್ದು ಬಂದದ್ದು ನಿಮಗೆಲ್ಲಾ ನೆನಪಿದೆ. ಹಾಲಿನ ಗಾಡಿ ಗೇಟಲ್ಲೇ ನಿಂತ್ಕೊಳ್ತು, ಕ್ಯಾನು ಹೊತ್ಕೊಂಡು ನಾವೇ ಹೋದ್ವಿ. ಟೊಮೆಟೊ ಗಾಡಿಯೋರು ಊರೊಳಗೆ ಬರೋದಕ್ಕೆ ಬಾಡಿಗೆ ಜಾಸ್ತಿ ಮಾಡಿದ್ರು. ಡಾಂಬರು ಹಾಕುವಾಗ ನಾವೆಲ್ಲ ಟೀ ಕುಡೀತಾ ನಿಂತು ನೋಡಿದ್ವಿ, ಕಿತ್ತು ಹೋದ್ಮೇಲೆ ಬೈದ್ವಿ. ಏನು ಕೇಳಬೇಕು ಅಂತ ನಮಗೆ ಗೊತ್ತೇ ಇರ್ಲಿಲ್ಲ. ಕಪ್ಪಗಿದ್ರೆ ರಸ್ತೆ ಅಂದ್ಕೊಂಡಿದ್ವಿ.

ನಮ್ಮ ಅಣ್ಣನ ಮಗ ಸಿವಿಲ್ ಡಿಪ್ಲೊಮಾ ಓದಿದವನು. ಅವನ ಪುಸ್ತಕ ತಂದು ಈ ಎರಡು ತಿಂಗಳು ಓದಿದೆ, ತಿಳೀದೇ ಇದ್ದದ್ದನ್ನ ಅವನನ್ನೇ ಕೇಳಿದೆ. ನಮ್ಮ ಹಾಗೇ ಕಣ್ಣಳತೆ ಮೇಲೆ ನಡೀತಿದ್ದ ಕೆಲಸಕ್ಕೆ ತಕ್ಕಡಿ, ಸೂಜಿ, ಸುತ್ತಿಗೆ ಹೇಗೆ ಬಂದ್ವು ಅನ್ನೋ ಕಥೆ ಅದರಲ್ಲಿ ಸಿಕ್ತು.

ಮೊದಲು ತಕ್ಕಡಿ ವಿಷಯ. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಅನ್ನೋರು 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ರಸ್ತೆಗಳ ಉಸ್ತುವಾರಿಗೆ ಬಂದ್ರು. ಅಲ್ಲೀತನಕ ದಪ್ಪ ದಪ್ಪ ಕಲ್ಲು ಸುರಿದು ಮೇಲೆ ಮಣ್ಣು ಎಳೆದ್ರೆ ರಸ್ತೆ ಆಯ್ತು ಅಂತಿತ್ತು. ಅವರು ಒಂದು ಅಳತೆ ಇಟ್ರು: ಯಾವ ಜಲ್ಲಿನೂ 6 ಔನ್ಸಿಗಿಂತ ಹೆಚ್ಚು ತೂಗಬಾರದು. ನಮ್ಮ ಲೆಕ್ಕದಲ್ಲಿ 170 ಗ್ರಾಂ. ಉಸ್ತುವಾರಿಯವರು ತಕ್ಕಡಿ ಇಟ್ಕೊಂಡು, ರಾಶಿಯಲ್ಲಿ ದಪ್ಪಗೆ ಕಂಡ ಕಲ್ಲನ್ನ ತೂಗಿ ನೋಡಬೇಕಿತ್ತು. ಸಣ್ಣ ಜಲ್ಲಿ ಆದ್ರೆ ಗಾಡಿ ಓಡಾಡಿದಂಗೆ ಒಂದರೊಳಗೊಂದು ಕಚ್ಚಿಕೊಳ್ತದೆ, ದಪ್ಪ ಕಲ್ಲು ಚಕ್ರಕ್ಕೆ ಸಿಕ್ಕಿ ಹೊರಳ್ತದೆ. ಅವರು ಹೇಳಿದ ಇನ್ನೊಂದು ಮಾತು ನಮಗೆ ಬೇಗ ಅರ್ಥ ಆಗ್ತದೆ. ಭಾರ ಹೊರೋದು ಜಲ್ಲಿ ಅಲ್ಲ, ಕೆಳಗಿನ ಮಣ್ಣು. ಮಣ್ಣು ಒಣಗಿದ್ರೆ ಎಂಥಾ ಭಾರನೂ ತಡೀತದೆ, ನೆನೆದ್ರೆ ಮೇಲೆ ಏನು ಹಾಕಿದ್ರೂ ಕುಸೀತದೆ. ಹಸಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೆಕಾಡಮ್ ರಸ್ತೆಗೆ ಡಾಂಬರು ಇರ್ಲಿಲ್ಲ. ಕಬ್ಬಿಣದ ಪಟ್ಟಿ ಹೊಡೆದ ಗಾಡಿ ಚಕ್ರ ಕಲ್ಲನ್ನ ಅರೀತಿತ್ತು, ಆ ಪುಡಿ ನೀರಿಗೆ ಸೇರಿ ಸಂದು ತುಂಬ್ತಿತ್ತು. ಮೋಟಾರು ಕಾರು ಬಂದ್ಮೇಲೆ ಕೆಟ್ಟಿತು. ವೇಗದ ರಬ್ಬರ್ ಟಯರು ಆ ಪುಡೀನ ಎಳೆದು ಗಾಳಿಗೆ ತೂರ್ತಿತ್ತು, ಜಲ್ಲಿ ಬಿಚ್ಕೊಳ್ತಿತ್ತು. ಧೂಳು ಅಡಗಿಸೋಕೆ ಕಲ್ಲಿದ್ದಲಿನ ಟಾರು ಸುರಿಯೋದು ಶುರುವಾಯ್ತು. 1901ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ಸರ್ವೇಯರ್ ಎಡ್ಗರ್ ಹೂಲಿ ಡೆನ್ಬಿ ಅನ್ನೋ ಕಡೆ ಹೋಗ್ತಾ, ಟಾರಿನ ಪೀಪಾಯಿ ಒಡೆದು ಚೆಲ್ಲಿದ ಜಾಗದಲ್ಲಿ ಕಬ್ಬಿಣದ ಕುಲುಮೆಯ ಕಿಟ್ಟ ಸುರಿದಿದ್ದನ್ನ ನೋಡಿದ್ರಂತೆ. ಅಲ್ಲಿ ಧೂಳೂ ಇಲ್ಲ, ಗಾಲಿ ಜಾಡೂ ಇಲ್ಲ. 1902ರಲ್ಲಿ ಜಲ್ಲೀನೂ ಟಾರೂ ಮೊದಲೇ ಬೆರೆಸಿ ಹಾಸೋ ವಿಧಾನಕ್ಕೆ ಪೇಟೆಂಟ್ ತಗೊಂಡ್ರು. ‘ಟಾರ್‌ಮ್ಯಾಕ್’ ಅಂದ್ರೆ ಟಾರು ಮತ್ತು ಮೆಕಾಡಮ್. ಈಗ ನಾವು ಹಾಕೋದು ಕಲ್ಲಿದ್ದಲಿನದಲ್ಲ, ಕಚ್ಚಾ ಎಣ್ಣೆ ಸೋಸಿದಾಗ ತಳದಲ್ಲಿ ಉಳಿಯೋ ಬಿಟುಮೆನ್. ಬಾಯಲ್ಲಿ ಮಾತ್ರ ಡಾಂಬರು, ಟಾರು ಅನ್ನೋ ಹೆಸರೇ ಉಳಿದಿದೆ.

ಅಮೆರಿಕದಲ್ಲಿ ಅದಕ್ಕೂ ಮುಂಚೆ ನೆಲದಲ್ಲೇ ಸಿಗೋ ಡಾಂಬರು ಬಳಸ್ತಿದ್ರು. ಟ್ರಿನಿಡಾಡ್ ದ್ವೀಪದಲ್ಲಿ ಡಾಂಬರಿನ ಕೆರೆನೇ ಇದೆ, ಅಲ್ಲಿಂದ ಹಡಗಲ್ಲಿ ಬರ್ತಿತ್ತು. ಆದ್ರೆ ಬಂದ ಮಾಲು ಮೆತ್ತಗಿದೆಯೋ ಗಟ್ಟಿಯಿದೆಯೋ ಅಂತ ಹೇಗೆ ನೋಡೋದು? ಬಾಯಿಗೆ ಹಾಕ್ಕೊಂಡು ಅಗೀತಿದ್ರು! ಹಲ್ಲಿಗೆ ಹತ್ತಿದ್ದರ ಮೇಲೆ ಹದ ಹೇಳ್ತಿದ್ರು. ಅನುಭವಸ್ಥರು ಸರಿಯಾಗೇ ಹೇಳ್ತಿದ್ದಿರಬಹುದು, ಆದ್ರೆ ಒಬ್ಬನ ಹಲ್ಲು ಇನ್ನೊಬ್ಬನಿಗೆ ಸಾಕ್ಷಿ ಆಗಲ್ಲ. 1888ರಲ್ಲಿ ಬೋವೆನ್ ಅನ್ನೋರು ಸೂಜಿ ಯಂತ್ರ ಮಾಡಿದ್ರು. ಅದೇ ಮುಂದೆ ತಿದ್ದಿಕೊಂಡು ಹೀಗಾಯ್ತು: 25 ಡಿಗ್ರಿ ಶಾಖದಲ್ಲಿರೋ ಡಾಂಬರಿನ ಮೇಲೆ 100 ಗ್ರಾಂ ಭಾರದ ಸೂಜಿ 5 ಸೆಕೆಂಡ್ ಬಿಡೋದು, ಎಷ್ಟು ಇಳೀತು ಅಂತ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಓದೋದು. ‘80/100 ಡಾಂಬರು’ ಅಂತ ಹಳೇ ಮೇಸ್ತ್ರಿಗಳು ಹೇಳ್ತಿದ್ದದ್ದು ಇದನ್ನೇ, 8ರಿಂದ 10 ಮಿ.ಮೀ. ಸೂಜಿ ಇಳಿಯೋ ಮಾಲು. ನಮ್ಮ ದೇಶದಲ್ಲಿ 2006ರ ಮಾನಕದಿಂದ ಇದರ ಬದಲು ಬಿಸಿಯಲ್ಲಿ ಎಷ್ಟು ಮಂದ ಹರೀತದೆ ಅನ್ನೋದರ ಮೇಲೆ ದರ್ಜೆ ಮಾಡಿದ್ರು. ಅದೇ ವಿಜಿ-10, ವಿಜಿ-30.

ಬೆರೆಸಿದ ಮಾಲಲ್ಲಿ ಡಾಂಬರು ಎಷ್ಟಿದೆ ಅಂತ ನೋಡೋಕೆ ಕ್ಲಿಫರ್ಡ್ ರಿಚರ್ಡ್‌ಸನ್ ಅನ್ನೋರ ಕಾಲದಲ್ಲಿ ಕಾಗದದ ಪರೀಕ್ಷೆ ಇತ್ತು. ಬಿಸಿ ಮಾಲನ್ನ ಕಂದು ಕಾಗದದ ಮೇಲೆ ಒತ್ತೋದು, ಉಳಿದ ಕಲೆ ನೋಡೋದು. ಕಲೆ ತೆಳುವಾಗಿದ್ರೆ ಡಾಂಬರು ಕಡಿಮೆ, ಗಾಢವಾಗಿ ಹರಡಿದ್ರೆ ಹೆಚ್ಚು. ಈಗ ಲ್ಯಾಬಿನಲ್ಲಿ ದ್ರಾವಣ ಹಾಕಿ ಡಾಂಬರು ತೊಳೆದು, ಉಳಿದ ಜಲ್ಲಿ ತೂಗಿ ಲೆಕ್ಕ ಹಿಡೀತಾರೆ.

ಸುತ್ತಿಗೆ ಬಂದದ್ದು 1939ರ ಸುಮಾರಿಗೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೆದ್ದಾರಿ ಇಲಾಖೆಯ ಬ್ರೂಸ್ ಮಾರ್ಷಲ್, ಬಿಸಿ ಮಾಲನ್ನ 4 ಇಂಚಿನ ಅಚ್ಚಿನಲ್ಲಿ ತುಂಬಿ ಸುತ್ತಿಗೆಯಿಂದ ಎಣಿಸಿ ಹೊಡೆದು ಬಿಲ್ಲೆ ಮಾಡೋದು, ಅದನ್ನ 60 ಡಿಗ್ರಿಯಲ್ಲಿ ಬಿಸಿ ಮಾಡಿ ಒತ್ತಿ, ಎಷ್ಟು ಭಾರಕ್ಕೆ ಒಡೀತು, ಒಡೆಯೋ ಮುಂಚೆ ಎಷ್ಟು ಬಾಗ್ತು ಅಂತ ನೋಡೋದು ಶುರು ಮಾಡಿದ್ರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಮಾನದ ರನ್‌ವೇಗೆ ಇದನ್ನೇ ಬೆಳೆಸ್ತು. ನಮ್ಮ ಹೆದ್ದಾರಿಗಳ ಮಿಕ್ಸು ಇವತ್ತಿಗೂ ಮಾರ್ಷಲ್ ಲೆಕ್ಕದ್ದೇ.

ಇನ್ನೊಂದು ದೊಡ್ಡ ಪರೀಕ್ಷೆ 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದಲ್ಲಿ ನಡೀತು. ಬೇರೆ ಬೇರೆ ದಪ್ಪದ ರಸ್ತೆ ಮಾಡಿ ಅದರ ಮೇಲೆ ಎರಡು ವರ್ಷ ಲಾರಿ ಓಡಿಸಿದ್ರು. ಆಕ್ಸಲ್ ಮೇಲಿನ ಭಾರ ಎರಡರಷ್ಟಾದ್ರೆ ರಸ್ತೆಗೆ ಪೆಟ್ಟು ಸುಮಾರು 16 ಪಟ್ಟು ಅಂತ ಅದರಿಂದ ತಿಳೀತು. ಕ್ರಷರ್ ಲಾರಿ ನಮ್ಮೂರ ಮೇಲೆ ಹಾದು ಹೋಗೋದಕ್ಕೆ ಬೇಡ ಅಂತ ಅಜ್ಜಂದಿರು ಯಾಕೆ ಜಗಳ ಆಡ್ತಿದ್ರೋ, ಲೆಕ್ಕ ಇಲ್ಲಿದೆ.

ನಮ್ಮ ದೇಶದಲ್ಲಿ 1927ರಲ್ಲಿ ಜಯಕರ್ ಸಮಿತಿ ಕೂತಿತು. ಅದರ ಮಾತಿನ ಮೇಲೆ 1929ರಲ್ಲಿ ಪೆಟ್ರೋಲ್ ಮೇಲೆ ಸುಂಕ ಹಾಕಿ ರಸ್ತೆ ನಿಧಿ ಮಾಡಿದ್ರು, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಹೆಸರಲ್ಲಿ ಕಾಂಗ್ರೆಸ್ ಇದೆ ಅಂತ ಪಕ್ಷ ಅಂದ್ಕೋಬೇಡಿ, ಅದು ಎಂಜಿನಿಯರುಗಳ ಸಂಸ್ಥೆ. ರಸ್ತೆಯ ಅಳತೆ ಬರೆದಿಡೋರು ಅವರೇ. 2000ನೇ ಇಸವಿಯ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂದ್ಮೇಲೆ ಹಳ್ಳಿ ರಸ್ತೆಗೂ ಪ್ರತ್ಯೇಕ ಅಳತೆ ಪುಸ್ತಕ ಬಂತು. ಆ ಯೋಜನೆಯಲ್ಲಿ ತಪಾಸಣೆ ಮೂರು ಹಂತ: ಕೆಲಸ ಮಾಡಿಸೋ ಕಚೇರಿ, ರಾಜ್ಯದ ಮಾನಿಟರ್, ಕೇಂದ್ರದ ಮಾನಿಟರ್. ಹಾಕಿದ ಗುತ್ತಿಗೆದಾರನೇ 5 ವರ್ಷ ನಿರ್ವಹಣೆ ಮಾಡಬೇಕು.

ಈಗ ನಮ್ಮ ರಸ್ತೆಗೆ ಬರೋಣ. ಹಳ್ಳಿ ರಸ್ತೆಗೆ ಸಾಮಾನ್ಯವಾಗಿ ಹಾಕೋದು 20 ಮಿ.ಮೀ. ಕಾರ್ಪೆಟ್. ಇದಕ್ಕೆ ಮಾರ್ಷಲ್ ಸುತ್ತಿಗೆ ಬೇಡ, ಅಡುಗೆ ಅಳತೆ ಹಂಗೆ ಪುಸ್ತಕದಲ್ಲೇ ಇದೆ. 10 ಚದರ ಮೀಟರಿಗೆ 0.27 ಘನ ಮೀಟರ್ ಜಲ್ಲಿ, 14.6 ಕೆ.ಜಿ. ಡಾಂಬರು. ಕಾರ್ಪೆಟ್ಟಿನ ಸಂದಿನಲ್ಲಿ ನೀರು ಇಳೀತದೆ, ಅದಕ್ಕೇ ಅದರ ಹಿಂದೆಯೇ ಸೀಲ್ ಕೋಟ್ ಬೀಳಬೇಕು. ಮರಳು ಬೆರೆಸಿ ಹಾಕೋ ಸೀಲ್ ಕೋಟಿಗೆ 6.8 ಕೆ.ಜಿ. ಡಾಂಬರು. ರಸ್ತೆ ಅಗಲ 3.75 ಮೀಟರ್ ಇದ್ರೆ 1 ಕಿ.ಮೀ.ಗೆ 3,750 ಚದರ ಮೀಟರ್. ಗುಣಿಸಿ ನೋಡಿ: ಎರಡೂ ಸೇರಿ 8,025 ಕೆ.ಜಿ. ನಮ್ಮ 2 ಕಿ.ಮೀ.ಗೆ 16 ಟನ್ ಡಾಂಬರು ಇಳೀಬೇಕು. ಕಾರ್ಪೆಟ್ಟಿಗೆ ಜಲ್ಲಿ 1 ಕಿ.ಮೀ.ಗೆ 101 ಘನ ಮೀಟರ್, ನಮ್ಮ 100 ಘನ ಅಡಿ ಯೂನಿಟ್ಟಲ್ಲಿ ಸುಮಾರು 36 ಯೂನಿಟ್. ಗೊಬ್ಬರದ ಲೋಡು ಎಣಿಸೋ ನಮಗೆ ಇದನ್ನ ಎಣಿಸೋದು ಕಷ್ಟ ಅಲ್ಲ.

ಲೋಡಿನ ಜೊತೆಗೆ ಬಿಸಿನೂ ನೋಡಬೇಕು. ವಿಜಿ-30 ಆದ್ರೆ ಬೆರೆಸುವಾಗ 150ರಿಂದ 165 ಡಿಗ್ರಿ, ಹಾಸುವಾಗ 140ಕ್ಕೆ ಕಡಿಮೆ ಆಗಬಾರದು, ರೋಲರ್ 90 ಡಿಗ್ರಿಗೆ ಇಳಿಯೋ ಮುಂಚೆ ಹೊಡೆದು ಮುಗಿಸಬೇಕು. ಬೇರೆ ದರ್ಜೆ ಆದ್ರೆ ಅಂಕಿ ಸ್ವಲ್ಪ ಬೇರೆ. ತಣ್ಣಗಾದ ಮಾಲು ಒತ್ತಿದ್ರೂ ಕೂರಲ್ಲ, ಆರಿದ ಮುದ್ದೆ ಕಟ್ಟಿದಂಗೆ. ಅತಿಯಾಗಿ ಕಾಯಿಸಿದ್ರೆ ಡಾಂಬರು ಸೀದು ಅಂಟೋ ಗುಣ ಕಳ್ಕೊಳ್ತದೆ. ಹಿಂದಿನ ಸಲ ನಮ್ಮಲ್ಲಿ ಟಿಪ್ಪರು ಗೇಟಲ್ಲಿ ಒಂದೂವರೆ ಗಂಟೆ ನಿಂತಿತ್ತು, ರೋಲರ್ ಡೀಸೆಲ್ಲಿಗೆ ಹೋಗಿತ್ತು. ಕೆಳಗಿನ ಧೂಳು ಗುಡಿಸಿರ್ಲಿಲ್ಲ, ಅಂಟಿಗೆ ಹೊಡೆಯೋ ಟ್ಯಾಕ್ ಕೋಟ್ ಅಲ್ಲಲ್ಲಿ ಚಿಮುಕಿಸಿದ್ದು. ಹೋಳಿಗೆ ಹಂಗೆ ಎದ್ದದ್ದು ಯಾಕೆ ಅಂತ ನನಗೆ ಈಗ ಅರ್ಥ ಆಗ್ತಿದೆ.

ಆದ್ರೆ ಪೂರ್ತಿ ತಪ್ಪು ಅವರದ್ದೇ ಅಂತ ಬರೆದ್ರೆ ನನ್ನ ಮನಸ್ಸು ಒಪ್ಪಲ್ಲ. ಮೆಕಾಡಮ್ ಹೇಳಿದ ಮಣ್ಣಿನ ಮಾತು ಓದಿದ ದಿನ ಸಾಯಂಕಾಲ ರಸ್ತೆ ಉದ್ದಕ್ಕೂ ನಡ್ಕೊಂಡು ಹೋದೆ. ಮೊದಲು ಕಿತ್ತಿದ್ದು ಮೂರು ಕಡೆ. ಒಂದು, ಹೊಲದ ಬದು ಚರಂಡಿಗೆ ಬಂದು ನೀರು ಕಟ್ಟೋ ಜಾಗ. ಇನ್ನೊಂದು, ಮೋರಿ ಮುಚ್ಚಿ ಹೋಗಿರೋ ಕಡೆ. ಮೂರನೇದು ನನ್ನ ತೋಟದ ಎದುರಿಗೇ. ನಾಲ್ಕು ವರ್ಷದ ಹಿಂದೆ ಆಚೆ ಹೊಲಕ್ಕೆ ಪೈಪು ದಾಟಿಸೋಕೆ ನಾನೇ ರಾತ್ರಿ ರಸ್ತೆ ಅಗೆದು, ಮಣ್ಣು ತುಂಬಿ ಮುಚ್ಚಿದ್ದೆ. ಪೈಪಿನ ಜಾಯಿಂಟು ಸೋರ್ತಾನೇ ಇತ್ತು. ಯಾರಿಗೂ ಹೇಳಿರ್ಲಿಲ್ಲ, ಈಗ ಹೇಳ್ತಿದ್ದೀನಿ. ಈ ವಾರ ಆ ಪೈಪು ತೆಗೆದು ಮೋರಿ ಒಳಗಿಂದ ಹಾಯಿಸ್ತೀನಿ. ಉಳಿದೋರು ನಿಮ್ಮ ನಿಮ್ಮ ಎದುರಿನ ಚರಂಡಿ ನೋಡ್ಕೊಳ್ಳಿ. ಚರಂಡಿ ನಮ್ಮ ಬದು ಅಲ್ಲ.

ಕೆಲಸ ಶುರುವಾದ ದಿನ ಜಗಳಕ್ಕೆ ಹೋಗೋದು ಬೇಡ. ಇಬ್ಬಿಬ್ಬರು ಪಾಳಿ ಮೇಲೆ ನಿಲ್ಲೋಣ. ನೋಡಬೇಕಾದ್ದು ಇಷ್ಟು:

ಬೋರ್ಡು ಹಾಕಿದ್ದಾರಾ, ಯಾವ ಯೋಜನೆ, ಉದ್ದ, ಅಗಲ, ದಪ್ಪ ಎಷ್ಟು.
ಕೆಳಗೆ ಗುಡಿಸಿ, ಒಣಗಿದ ಮೇಲೆ ಟ್ಯಾಕ್ ಕೋಟ್ ಎಲ್ಲಾ ಕಡೆ ಒಂದೇ ಸಮ ಹೊಡೆದ್ರಾ.
ಲೋಡು ಎಷ್ಟು ಬಂತು, ಹಾಸುವಾಗ ಥರ್ಮಾಮೀಟರ್ ಇಟ್ರಾ. ಇಲ್ಲದಿದ್ರೆ ‘ಸಾರ್, ಒಂದ್ಸಲ ಇಟ್ಟು ತೋರಿಸಿ’ ಅಂತ ಮರ್ಯಾದೆಯಾಗಿ ಕೇಳೋದು.
ಮಳೆ ಹನಿ ಬಿದ್ರೆ ಕೆಲಸ ನಿಲ್ಲಬೇಕು.
ಮಧ್ಯ ಎತ್ತರ, ಅಂಚು ತಗ್ಗು ಇದೆಯಾ. ನೂರಕ್ಕೆ ಎರಡೂವರೆ ಇಳಿಜಾರು ಅಂದ್ರೆ 3.75 ಮೀಟರ್ ರಸ್ತೆಗೆ ನಡುವಿಂದ ಅಂಚಿಗೆ 4ರಿಂದ 5 ಸೆಂ.ಮೀ. ತಗ್ಗು. ಉದ್ದ ಕೋಲು, ನೀರು ಮಟ್ಟ ಇದ್ರೆ ಸಾಕು.
ಸೀಲ್ ಕೋಟ್ ‘ಆಮೇಲೆ ಹಾಕ್ತೀವಿ’ ಅಂದ್ರೆ ಒಪ್ಪಬಾರದು.

ಎಲ್ಲಾ ದಿನಾಂಕ ಹಾಕಿ ಬರೆದಿಡೋಣ, ಫೋಟೋ ತೆಗೆಯೋಣ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಕಾಗದ ಕೇಳೋದಷ್ಟೇ ಅಲ್ಲ, ಕೆಲಸ ಪರಿಶೀಲಿಸೋಕೆ, ಮಾಲಿನ ದೃಢೀಕರಿಸಿದ ಸ್ಯಾಂಪಲ್ ತಗೊಳ್ಳೋಕೂ ಅವಕಾಶ ಇದೆ. ಎಸ್ಟಿಮೇಟ್ ಪ್ರತಿಗೆ ನಾನು ಅರ್ಜಿ ಬರೆದಿದ್ದೀನಿ, ಸೋಮವಾರ ಕೊಟ್ಟು ಬರ್ತೀನಿ. ಜೊತೆಗೆ ಬರೋರು ಬೆಳಗ್ಗೆ ಹಾಲು ಹಾಕಿ ಡೈರಿ ಹತ್ರ ನಿಂತಿರಿ.

ಅಂಕಿಯಲ್ಲಿ ತಪ್ಪಿದ್ರೆ ತಿಳಿದೋರು ಕೆಳಗೆ ಬರೀರಿ, ತಿದ್ಕೊಳ್ತೀನಿ.