ಕಿವುಡು: ಹೆಸರು ಒಂದು, ದೋಷ ಎರಡು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿ ಮಲಪ್ರಭಾ ನದಿಯ ಉಗಮಸ್ಥಾನ. ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗುವ ದಾರಿಯಲ್ಲಿರುವ ಈ ಪ್ರದೇಶದಲ್ಲಿ ಮಳೆಯೂ ಹೆಚ್ಚು, ಭಾಷೆಗಳೂ ಹೆಚ್ಚು. ಕಿವಿಯಿಂದ ಕೀವು ಬಂದರೆ ಇಲ್ಲಿನ ಕನ್ನಡದವರು 'ಕಿವಿ ಸೋರತೈತಿ' ಎನ್ನುತ್ತಾರೆ, ಮರಾಠಿಯವರು 'ಕಾನ್ ವಾಹತೋ' ಎನ್ನುತ್ತಾರೆ. ಎರಡೂ ಕಣ್ಣಿಗೆ ಕಂಡದ್ದನ್ನು ಹೇಳುವ ಮಾತುಗಳು. ಆದರೆ ಕೇಳಿಸದಿರುವುದು ಕಣ್ಣಿಗೆ ಕಾಣುವುದಿಲ್ಲ. ಅಂಥವರನ್ನು ಕನ್ನಡದಲ್ಲಿ 'ಕಿವುಡ' ಎನ್ನುತ್ತೇವೆ. ಇದು 'ಕಿವಿ'ಗೆ ಸಂಬಂಧಿಸಿದ ಪದ. ಮರಾಠಿಯ 'ಬಹಿರಾ' ಸಂಸ್ಕೃತದ 'ಬಧಿರ'ದಿಂದ ಬಂದದ್ದು. ಕಿವಿಯಲ್ಲಿ ದೋಷ ಎಲ್ಲಿದೆ ಎಂಬುದನ್ನು ಈ ಎರಡೂ ಪದಗಳು ಹೇಳುವುದಿಲ್ಲ. ಅದನ್ನು ಹೇಳಲು ಭೌತವಿಜ್ಞಾನದ ನೆರವು ಬೇಕಾಯಿತು.

ಲಕ್ಷಣಗಳಿಂದ ಬಂದ ಹೆಸರುಗಳು

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 28 ಕರ್ಣರೋಗಗಳ ಪಟ್ಟಿ ಇದೆ. ಕರ್ಣಶೂಲ, ಕರ್ಣನಾದ, ಕರ್ಣಸ್ರಾವ, ಕರ್ಣಗೂಥ, ಬಾಧಿರ್ಯ ಇವುಗಳಲ್ಲಿ ಕೆಲವು. ನಮ್ಮ ಮನೆಮಾತಿನಲ್ಲಿಯೂ ಇವಕ್ಕೆ ಹೆಸರುಗಳಿವೆ: ಕಿವಿನೋವು, ಕಿವಿಮೊರೆತ, ಕಿವಿ ಸೋರುವಿಕೆ, ಗುಗ್ಗೆ, ಕಿವುಡು. ಈ ಹೆಸರುಗಳೆಲ್ಲ ರೋಗಿ ಅನುಭವಿಸಿದ್ದನ್ನು ಅಥವಾ ವೈದ್ಯ ಕಂಡದ್ದನ್ನು ಸೂಚಿಸುತ್ತವೆ. ನೋವಿಗೂ ಸ್ರಾವಕ್ಕೂ ಇಷ್ಟು ಸಾಕು. ಕಿವುಡಿಗೆ ಸಾಲದು. ಏಕೆಂದರೆ ಕಾರಣ ಬೇರೆ ಬೇರೆಯಾಗಿದ್ದರೂ 'ಕೇಳಿಸುತ್ತಿಲ್ಲ' ಎಂಬ ಲಕ್ಷಣ ಒಂದೇ.

ಶ್ರುತಿಕವೆ ಕಲಿಸಿದ ಪಾಠ

ಇಲ್ಲಿ ನೀವೇ ಒಂದು ಪ್ರಯೋಗ ಮಾಡಿ ನೋಡಿ. ಬಾಯಿ ಮುಚ್ಚಿ 'ಮ್' ಎಂದು ಗುನುಗಿರಿ. ಗುನುಗುತ್ತಲೇ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ. ಧ್ವನಿ ಯಾವ ಕಿವಿಯಲ್ಲಿ ಜೋರಾಗಿ ಕೇಳಿಸುತ್ತದೆ? ಮುಚ್ಚಿದ ಕಿವಿಯಲ್ಲಿ! ತಲೆಬುರುಡೆಯ ಮೂಳೆಗಳ ಮೂಲಕ ಕಿವಿನಾಳಕ್ಕೆ ಬಂದ ಧ್ವನಿಗೆ ಹೊರಹೋಗಲು ದಾರಿ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

ಈ ವಿದ್ಯಮಾನವನ್ನು 1827ರಲ್ಲಿ ವಿವರಿಸಿದವರು ಚಾರ್ಲ್ಸ್ ವೀಟ್‌ಸ್ಟನ್. ನೀವು ಪ್ರಯೋಗಶಾಲೆಯಲ್ಲಿ ಬಳಸುವ ವೀಟ್‌ಸ್ಟನ್ ಸೇತುವೆ ಅವರ ಹೆಸರಿನದೇ. 1834ರಲ್ಲಿ ಜರ್ಮನಿಯ ಅರ್ನ್ಸ್ಟ್ ವೆಬರ್ ಇದನ್ನು ಮತ್ತೆ ಪರಿಶೀಲಿಸಿದರು. ವೆಬರ್ ಹೆಸರಿನ ಪರೀಕ್ಷೆಯಲ್ಲಿ ಕಂಪಿಸುವ ಶ್ರುತಿಕವೆಯ ಬುಡವನ್ನು ಹಣೆಯ ಮಧ್ಯದಲ್ಲಿ ಇಡುತ್ತಾರೆ. ಒಂದು ಕಿವಿಯಲ್ಲಿ ಧ್ವನಿಯ ದಾರಿಗೆ ತಡೆ ಇದ್ದರೆ ಧ್ವನಿ ಆ ದೋಷವುಳ್ಳ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ. ದೋಷ ಒಳಕಿವಿಯಲ್ಲಿದ್ದರೆ ಸರಿಯಾದ ಕಿವಿಯಲ್ಲಿ ಜೋರಾಗಿ ಕೇಳಿಸುತ್ತದೆ.

1855ರಲ್ಲಿ ಅಡಾಲ್ಫ್ ರಿನ್ನೆ ಇನ್ನೊಂದು ಪರೀಕ್ಷೆ ಸೂಚಿಸಿದರು. ಶ್ರುತಿಕವೆಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು, ಅಲ್ಲಿ ಕೇಳಿಸುವುದು ನಿಂತ ಕೂಡಲೇ ಅದರ ಕವಲನ್ನು ಕಿವಿಯ ಎದುರು ಹಿಡಿಯಬೇಕು. ಆರೋಗ್ಯವಂತರಿಗೆ ಧ್ವನಿ ಮತ್ತೆ ಕೇಳಿಸುತ್ತದೆ. ಹೀಗೆ 'ವಾಯುವಹನ' ಮತ್ತು 'ಅಸ್ಥಿವಹನ' ಎಂಬ ಎರಡು ದಾರಿಗಳು ಸ್ಪಷ್ಟವಾದವು. ಇವುಗಳಿಂದಲೇ ಕಿವುಡಿಗೆ ಎರಡು ಹೆಸರು ಬಂದವು: ವಹನ ದೋಷದ ಕಿವುಡು ಮತ್ತು ಸಂವೇದನಾ-ನರ ಕಿವುಡು.

ವಹನ ದೋಷ ಎಂದರೆ ಎಷ್ಟು ನಷ್ಟ? ಕಿವಿ ತಮಟೆಯ ಪರಿಣಾಮಕಾರಿ ವಿಸ್ತೀರ್ಣ ಸುಮಾರು 55 ಚದರ ಮಿ.ಮೀ., ರಿಕಾಪು ಮೂಳೆಯ ಪಾದದ್ದು ಸುಮಾರು 3.2 ಚದರ ಮಿ.ಮೀ. ಇದರಿಂದ ಒತ್ತಡ 17 ಪಟ್ಟಾಗುತ್ತದೆ. ಸುತ್ತಿಗೆ, ಅಡಿಗಲ್ಲು ಮೂಳೆಗಳ ಸನ್ನೆ ಅದನ್ನು ಮತ್ತೆ 1.3 ಪಟ್ಟು ಮಾಡುತ್ತದೆ. ಒಟ್ಟು ಸುಮಾರು 22 ಪಟ್ಟು, ಅಂದರೆ 27 ಡೆಸಿಬೆಲ್. ಈ ಏರ್ಪಾಡು ಕೆಟ್ಟರೆ ಹೋಗುವುದು ಈ ಲಾಭ; ಒಳಕಿವಿ ಮಾತ್ರ ಕ್ಷೇಮವಾಗಿರುತ್ತದೆ.

ಅಳತೆಯ ಭಾಷೆ

ದೋಷದ ಜಾಗ ತಿಳಿದ ಮೇಲೆ ಅದರ ಪ್ರಮಾಣ ತಿಳಿಯಬೇಕು. 1879ರಲ್ಲಿ ಡೇವಿಡ್ ಹ್ಯೂಸ್ ವಿದ್ಯುತ್ ಶ್ರವಣಮಾಪಕವನ್ನು ಪ್ರದರ್ಶಿಸಿದರು. 1920ರ ದಶಕದಲ್ಲಿ ನಿರ್ವಾತ ನಳಿಗೆಯ ಶ್ರವಣಮಾಪಕಗಳು ಬಂದವು. ಅದೇ ದಶಕದಲ್ಲಿ ಅಮೆರಿಕದ ದೂರವಾಣಿ ಎಂಜಿನಿಯರುಗಳು 'ಡೆಸಿಬೆಲ್' ಎಂಬ ಮಾನಕ್ಕೆ ಹೆಸರಿಟ್ಟರು. ಡೆಸಿಬೆಲ್‌ಗೆ ಕನ್ನಡ ಪದ ಹುಡುಕುವ ಅಗತ್ಯವಿಲ್ಲ. ಮೀಟರ್, ವೋಲ್ಟ್‌ಗಳಂತೆ ಅದೂ ನಮ್ಮದೇ.

ಆದರೆ ಮಾತನ್ನು ಗ್ರಹಿಸುವ ಶಕ್ತಿಯನ್ನು ಶುದ್ಧಸ್ವರಗಳಿಂದ ಪೂರ್ಣವಾಗಿ ಅಳೆಯಲಾಗದು. ಅದಕ್ಕೆ ಪದಗಳು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಕನ್ನಡದ ಧ್ವನಿಗಳಿಗೆ ಸಮತೋಲಿತವಾದ ಪದಪಟ್ಟಿ ಸಿದ್ಧವಾಯಿತು. ನಮ್ಮ ಭಾಷೆಯಲ್ಲಿ ಧ್ವನಿಗಳು ಎಷ್ಟೆಷ್ಟು ಬಳಕೆಯಲ್ಲಿವೆಯೋ ಅದೇ ಅನುಪಾತದಲ್ಲಿ ಅವು ಪಟ್ಟಿಯಲ್ಲಿಯೂ ಬರಬೇಕೆಂಬುದು ಇಂಥ ಪಟ್ಟಿಗಳ ತತ್ತ್ವ. ಕಣಕುಂಬಿಯಂಥ ಗಡಿಭಾಗದಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ ಆಡುವ ಮಗುವನ್ನು ಕನ್ನಡ ಪದಗಳಿಂದ ಪರೀಕ್ಷಿಸಿದರೆ ಅಳತೆಯಾಗುವುದು ಕಿವಿಯೋ ಭಾಷಾಜ್ಞಾನವೋ?

ಹೆಸರಿನಿಂದ ಚಿಕಿತ್ಸೆಗೆ

ವಹನ ದೋಷವನ್ನು ಹಲವು ಸಲ ಸರಿಪಡಿಸಬಹುದು. ಗುಗ್ಗೆಯನ್ನು ತೆಗೆಯಬಹುದು, ಹರಿದ ತಮಟೆಗೆ ತೇಪೆ ಹಾಕಬಹುದು. ಬಿಗಿದುಕೊಂಡ ರಿಕಾಪು ಮೂಳೆಯ ಬದಲಿಗೆ ಕೃತಕ ಭಾಗ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಜಾನ್ ಶಿಯ 1956ರಲ್ಲಿ ಮಾಡಿದರು. ಸಂವೇದನಾ-ನರ ಕಿವುಡಿಗೆ ಶ್ರವಣ ಸಾಧನ ಬೇಕು. ತೀವ್ರವಾಗಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಪ್ಯಾರಿಸ್ಸಿನಲ್ಲಿ ಜೂರ್ನೊ ಮತ್ತು ಎರಿಯೆ 1957ರಲ್ಲಿ ಶ್ರವಣ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದ್ದು ಇದರ ಮುನ್ನುಡಿ. ಇದನ್ನು 'ಕರ್ಣಶಂಖದ ಕಸಿ' ಎಂದು ಕರೆದರೆ ಮೂತ್ರಪಿಂಡದಂತೆ ಇನ್ನೊಬ್ಬರ ಅಂಗವನ್ನು ಜೋಡಿಸಿದಂತೆ ಅರ್ಥ ಬರುತ್ತದೆ. ನಿಜಕ್ಕೂ ಒಳಗೆ ಇಡುವುದು ವಿದ್ಯುದಗ್ರಗಳನ್ನು. ಕಿವಿಗೊಪ್ಪುವ ಪದಕ್ಕಿಂತ ಕ್ರಿಯೆಯನ್ನು ಸರಿಯಾಗಿ ತಿಳಿಸುವ ಪದ ಮೇಲು.

ಮಾನ್ಯ ಶಿಕ್ಷಕರೇ, ತಮಟೆಯ ಹಿಂದೆ ದ್ರವ ತುಂಬಿಕೊಂಡಿರುವ ಮಗುವಿಗೆ ನೋವೂ ಇರದು, ಕಿವಿ ಸೋರುವುದೂ ಇರದು. ಅದು ಕರೆದರೆ ತಿರುಗುವುದಿಲ್ಲ, ಉಕ್ತಲೇಖನದಲ್ಲಿ ತಪ್ಪು ಬರೆಯುತ್ತದೆ. ಆ ಮಗುವಿಗೆ ಸುಲಭವಾಗಿ ಸಿಗುವ ಹೆಸರು 'ದಡ್ಡ'. ಆ ಹೆಸರು ಬಿದ್ದರೆ ಮಗು ಹಿಂದಿನ ಬೆಂಚಿಗೆ ಹೋಗುತ್ತದೆ. 'ವಹನ ದೋಷ ಇರಬಹುದೇ?' ಎಂದು ನೀವು ಕೇಳಿದರೆ ಅದು ಮುಂದಿನ ಬೆಂಚಿಗೂ, ಅಲ್ಲಿಂದ ವೈದ್ಯರ ಬಳಿಗೂ ಹೋಗುತ್ತದೆ.