ಮನೆಯ ಗಣಕಕ್ಕೆ ಅಂಚೆ ಬಂದ ಬಗೆ

ನೀವು ಮನೆಯಲ್ಲಿಲ್ಲದಾಗ ರಿಜಿಸ್ಟರ್ಡ್ ಪತ್ರ ಬಂದರೆ ಏನಾಗುತ್ತದೆ? ಅಂಚೆಯಣ್ಣ ಅದನ್ನು ಅಂಚೆ ಕಚೇರಿಗೆ ಹಿಂದಕ್ಕೆ ಒಯ್ಯುತ್ತಾನೆ. ಬಿಡುವಾದಾಗ ನೀವೇ ಹೋಗಿ, ಗುರುತು ತೋರಿಸಿ, ಸಹಿ ಹಾಕಿ ಪಡೆಯುತ್ತೀರಿ. ಇ-ಮೇಲ್ ಮನೆಯ ಗಣಕದವರೆಗೆ ಬಂದದ್ದೂ ಇದೇ ಉಪಾಯದಿಂದ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಆ ಕಾಲದಲ್ಲಿ ಬಳಕೆದಾರರು ಟರ್ಮಿನಲ್ ಮುಂದೆ ಕುಳಿತು, ಸಂಸ್ಥೆಯ ದೊಡ್ಡ ಗಣಕದಲ್ಲಿಯೇ ಪತ್ರ ಓದುತ್ತಿದ್ದರು. 1982ರಲ್ಲಿ ಜೊನಾಥನ್ ಪೋಸ್ಟೆಲ್ ರೂಪಿಸಿದ ಎಸ್‌ಎಂಟಿಪಿ ನಿಯಮಾವಳಿಯೂ ಪತ್ರ ಪಡೆಯುವ ಯಂತ್ರ ಸದಾ ಎಚ್ಚರವಾಗಿರುತ್ತದೆ ಎಂದೇ ಭಾವಿಸಿತ್ತು. ಎಚ್ಚರವಿಲ್ಲದಿದ್ದರೆ ಕಳುಹಿಸುವ ಯಂತ್ರ ಹಲವು ಬಾರಿ ಪ್ರಯತ್ನಿಸಿ ಕೊನೆಗೆ ಕೈಬಿಡುತ್ತದೆ. ಕೆಲಸ ಮುಗಿದೊಡನೆ ಆರಿಸಿಬಿಡುವ ಪುಟ್ಟ ಗಣಕಗಳ ಗತಿಯೇನು?

ಉತ್ತರ 1984ರ ಅಕ್ಟೋಬರಿನಲ್ಲಿ ಬಂತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯೊಂದರಲ್ಲಿದ್ದ ಜಾಯ್ಸ್ ರೆನಾಲ್ಡ್ಸ್ 'ಪೋಸ್ಟ್ ಆಫೀಸ್ ಪ್ರೋಟೋಕಾಲ್' ಅನ್ನು, ಅಂದರೆ 'ಪಾಪ್' ಅನ್ನು ಪ್ರಕಟಿಸಿದರು. ಸದಾ ಚಾಲೂ ಇರುವ ಸರ್ವರ್ ಅಂಚೆ ಕಚೇರಿಯಾಯಿತು. 1988ರಲ್ಲಿ ಮಾರ್ಷಲ್ ರೋಸ್ ಮೂರನೆಯ ಆವೃತ್ತಿಯನ್ನು ಬರೆದರು. ಮನೆಮನೆಗೆ ಹರಡಿದ್ದು ಈ 'ಪಾಪ್-3'.

ಇದರ ಸಂಭಾಷಣೆ ಬಲು ಸರಳ. ನಿಮ್ಮ ಗಣಕ ಹೆಸರು ಹೇಳುತ್ತದೆ, ಗುಪ್ತಪದ ಕೊಡುತ್ತದೆ, ಎಷ್ಟು ಪತ್ರಗಳಿವೆ ಎಂದು ಕೇಳುತ್ತದೆ, ಒಂದೊಂದಾಗಿ ತರಿಸಿಕೊಂಡು 'ಅಳಿಸು' ಎನ್ನುತ್ತದೆ. ಸರ್ವರ್ ಒಡನೆಯೇ ಅಳಿಸುವುದಿಲ್ಲ, ಗುರುತು ಹಾಕಿಕೊಳ್ಳುತ್ತದೆ ಅಷ್ಟೆ. ಕೊನೆಗೆ 'ಕ್ವಿಟ್' ಎಂಬ ಆಜ್ಞೆ ಬಂದ ಮೇಲೆಯೇ ಗುರುತಿಟ್ಟವನ್ನು ತೆಗೆದುಹಾಕುತ್ತದೆ. ನಡುವೆ ದೂರವಾಣಿ ಸಂಪರ್ಕ ಕಡಿದರೆ? ಒಂದು ಪತ್ರವೂ ಅಳಿಯುವುದಿಲ್ಲ. ಅದೇ ಪತ್ರ ಎರಡು ಬಾರಿ ಬಂದರೂ ಚಿಂತೆಯಿಲ್ಲ, ಒಂದೂ ಕಳೆಯಬಾರದು ಎಂಬ ವಿವೇಕ ಇಲ್ಲಿದೆ.

1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಮೋಡೆಮ್ ಕಿರುಗುಟ್ಟುವಷ್ಟು ಹೊತ್ತೂ ಹಣ ಓಡುತ್ತಿದ್ದ ಆ ದಿನಗಳಲ್ಲಿ ಪತ್ರಗಳನ್ನು ಬೇಗ ಇಳಿಸಿಕೊಂಡು, ಸಂಪರ್ಕ ಕಡಿದು, ನಿಧಾನವಾಗಿ ಓದುವ ಅನುಕೂಲವನ್ನು ಪಾಪ್ ಕೊಟ್ಟಿತು.

ಆದರೆ ಎರಡು ಕೊರತೆಗಳಿದ್ದವು. ಮೊದಲನೆಯದು, ಹೆಸರು-ಗುಪ್ತಪದಗಳ ಸಾಮಾನ್ಯ ವಿಧಾನದಲ್ಲಿ ಗುಪ್ತಪದ ತೆರೆದ ಅಂಚೆ ಕಾರ್ಡಿನಂತೆ ಸಾಗುತ್ತಿತ್ತು. ದಾರಿಯಲ್ಲಿ ಕದ್ದು ನೋಡುವವರು ಸುಲಭವಾಗಿ ಓದಬಹುದಿತ್ತು. 1999ರಲ್ಲಿ ಇದಕ್ಕೆ ಗೂಢಲಿಪಿಯ ಹೊದಿಕೆ ನಿಗದಿಯಾಯಿತು. ತೆರೆದ ಸಾಗಣೆ ಇನ್ನು ಸಲ್ಲದೆಂದು ಅಂತರಜಾಲದ ತಂತ್ರಜ್ಞರು ಬರೆದದ್ದು 2018ರಲ್ಲಿ. ಎರಡನೆಯದು, ಪತ್ರ ಮನೆಗೆ ಬಂದು ಸರ್ವರಿನಿಂದ ಅಳಿದರೆ ಉಳಿಯುವುದು ಒಂದೇ ಪ್ರತಿ. ಹಾರ್ಡ್ ಡಿಸ್ಕ್ ಕೆಟ್ಟು, ವರ್ಷಗಳ ಪತ್ರಗಳನ್ನು ಒಂದೇ ದಿನ ಕಳೆದುಕೊಂಡವರಲ್ಲಿ ನಾನೂ ಒಬ್ಬ. 'ಸರ್ವರಿನಲ್ಲಿ ಪ್ರತಿ ಉಳಿಸು' ಎಂಬ ಚೌಕಕ್ಕೆ ಗುರುತು ಹಾಕಿರಲಿಲ್ಲ!

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಕ್ರಿಸ್ಪಿನ್ 1986ರಲ್ಲಿಯೇ ಬೇರೆ ದಾರಿ ಹಿಡಿದಿದ್ದರು. ಅವರ 'ಐಮ್ಯಾಪ್' ಪದ್ಧತಿಯಲ್ಲಿ ಪತ್ರ ಸರ್ವರಿನಲ್ಲಿಯೇ ಇರುತ್ತದೆ. ಎಷ್ಟು ಗಣಕಗಳಿಂದ ನೋಡಿದರೂ ಪೆಟ್ಟಿಗೆ ಒಂದೇ. ಆದರೆ ಅಲ್ಲಿ ಅಳಿಸಿದರೆ ಎಲ್ಲೆಡೆಯೂ ಅಳಿಯುತ್ತದೆ, ಖಾತೆ ಮುಚ್ಚಿದರೆ ಪೆಟ್ಟಿಗೆಯೂ ಹೋಗುತ್ತದೆ.

ಹಾಗಾದರೆ ಯಾವುದು ಮೇಲು? ಪ್ರಶ್ನೆಯನ್ನು ಹೀಗೆ ಕೇಳಿ: ನಿಮ್ಮ ಪತ್ರದ ಪ್ರತಿಗಳು ಎಷ್ಟಿವೆ, ಯಾರ ಬಳಿ ಇವೆ? ಉತ್ತರ 'ಒಂದೇ' ಎಂದಾದರೆ, ಅದು ಮನೆಯಲ್ಲಿರಲಿ ಸರ್ವರಿನಲ್ಲಿರಲಿ, ಇಂದೇ ಇನ್ನೊಂದು ಪ್ರತಿ ತೆಗೆದಿಡಿ.